ಹತ್ತು ಅಡಿಯ ನಂಟು

ಪ್ರಶ್ನೆ: ನಮ್ಮದು ಅಡಿಕೆ ತೋಟದ ನಡುವಿನ ಮನೆ. ನಾಲ್ಕು ವರ್ಷದಿಂದ ಬೂದು ಪಟ್ಟೆಯ ಹೆಣ್ಣು ಬೆಕ್ಕೊಂದು ದಿನಾ ಸಂಜೆ ಹಿತ್ತಲಿಗೆ ಬರುತ್ತದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ತಟ್ಟೆ ಇಟ್ಟು ನಾನು ಹಿಂದೆ ಸರಿದರೆ ಮಾತ್ರ ತಿನ್ನುತ್ತದೆ. ಹತ್ತು ಅಡಿಗಿಂತ ಹತ್ತಿರ ಹೋದರೆ ಸೌದೆ ಕೊಟ್ಟಿಗೆಗೆ ಹಾರುತ್ತದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ‘ಮಿಯಾಂವ್’ ಅಂದಿಲ್ಲ. ಎರಡು ವರ್ಷದ ಹಿಂದೆ ಅದರ ಮರಿಯೊಂದನ್ನು, ಇನ್ನೂ ಅಂಗೈಯಷ್ಟಿದ್ದಾಗ, ಮಗಳು ಅಟ್ಟದಿಂದ ಎತ್ತಿಕೊಂಡು ಬಂದಳು. ಅದು ಈಗ ನನ್ನ ಮಡಿಲು ಬಿಟ್ಟು ಇಳಿಯುವುದಿಲ್ಲ, ದಿನವಿಡೀ ಮಾತು. ತಾಯಿಗೆ ಹಾಕಿದವಳೂ ನಾನೇ, ಮರಿಗೆ ಹಾಕಿದವಳೂ ನಾನೇ. ತಾಯಿಗೆ ನನ್ನ ಮೇಲೆ ನಂಬಿಕೆ ಇಲ್ಲವೇ? ಬರುವುದು ಬರೀ ಅನ್ನಕ್ಕಾಗಿಯೇ?

— ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಅನ್ನಕ್ಕಾಗಿ ಬರುತ್ತದೆ, ಸಂಶಯ ಬೇಡ. ನಿಮ್ಮನ್ನು ನಂಬಿದೆ, ಅದರಲ್ಲೂ ಸಂಶಯ ಬೇಡ. ಮನೆಗೆ ನೆಂಟರೋ ಕೊನೆಗೌಡರೋ ಬಂದ ದಿನ ಆ ಬೆಕ್ಕು ಎಲ್ಲಿರುತ್ತದೆ ಎಂದು ಒಮ್ಮೆ ಗಮನಿಸಿ. ತಟ್ಟೆಯಲ್ಲಿ ಎಂಥ ರುಚಿಯ ಪದಾರ್ಥವಿದ್ದರೂ ಅದರ ಬಾಲದ ತುದಿಯೂ ಕಾಣಿಸುವುದಿಲ್ಲ. ಲೋಕದ ಉಳಿದ ಮನುಷ್ಯರಿಗೆಲ್ಲ ಅದು ಕಣ್ಣಿಗೆ ಬೀಳದಷ್ಟು ದೂರ. ನಿಮಗೊಬ್ಬರಿಗೆ ಹತ್ತು ಅಡಿ. ನೀವು ಆ ಹತ್ತು ಅಡಿಯನ್ನು ಕೊರತೆ ಎಂದು ಎಣಿಸಿದ್ದೀರಿ. ಬೆಕ್ಕಿನ ಲೆಕ್ಕದಲ್ಲಿ ಅದು ನಾಲ್ಕು ವರ್ಷದ ಗಳಿಕೆ.

ಇಂಥ ಬೆಕ್ಕನ್ನು ನಮ್ಮ ಕಡೆ ಸುಲಭವಾಗಿ ‘ಕಾಡುಬೆಕ್ಕು’ ಎಂದುಬಿಡುತ್ತೇವೆ. ಆ ಹೆಸರು ಬೇರೆಯವರದು. ಗದ್ದೆಯಂಚಿನ ಹುಲ್ಲಿನಲ್ಲಿ ಓಡಾಡುವ ಉದ್ದ ಕಾಲಿನ ಕಾಡುಬೆಕ್ಕು, ಮೈತುಂಬ ಚುಕ್ಕೆಯ ಚಿರತೆಬೆಕ್ಕು, ತುಕ್ಕು ಬಣ್ಣದ ಮಚ್ಚೆ ಹೊತ್ತ ಪುಟ್ಟ ಬೆಕ್ಕು, ಇವೆಲ್ಲ ಮಲೆನಾಡಿನಲ್ಲಿವೆ, ಇವೆಲ್ಲ ಬೇರೆ ಬೇರೆ ಜಾತಿಯ ವನ್ಯಜೀವಿಗಳು. ನಿಮ್ಮ ಹಿತ್ತಲಿನದು ಜಾತಿಯಿಂದ ಅಪ್ಪಟ ಮನೆಬೆಕ್ಕು. ಮಡಿಲಲ್ಲಿ ಮಲಗುವ ಅದರ ಮಗುವಿಗೂ ಅದಕ್ಕೂ ರಕ್ತದಲ್ಲಿ ವ್ಯತ್ಯಾಸವಿಲ್ಲ. ಮನೆ ಕಾಣದೆ ಬೆಳೆದ ಮನೆಬೆಕ್ಕು, ಅಷ್ಟೇ. ಯಾರೋ ಸಾಕಿ ಬಿಟ್ಟುಹೋದ ಬೆಕ್ಕಿಗೂ ಇದಕ್ಕೂ ಅಂತರವಿದೆ. ಸಾಕಿ ಬಿಟ್ಟದ್ದು ಮೊದಲು ಬೆದರಿದರೂ ಕೆಲವು ದಿನಗಳಲ್ಲೋ ವಾರಗಳಲ್ಲೋ ಹಳೆಯ ರೂಢಿಗೆ ಮರಳಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಹುಟ್ಟಿನಿಂದಲೇ ಹೊರಗಿದ್ದದ್ದಕ್ಕೆ ಮರಳಲು ಅಂಥ ರೂಢಿಯೇ ಇರುವುದಿಲ್ಲ.

ಹಾಗಾದರೆ ತಾಯಿ, ಮಗುವಿನ ನಡುವೆ ಇಷ್ಟು ಅಂತರ ಎಲ್ಲಿಂದ ಬಂತು? ಬಹುಮಟ್ಟಿಗೆ ಐದು ವಾರಗಳಿಂದ. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಐಲೀನ್ ಕಾರ್ಶ್ ಎಂಬ ಸಂಶೋಧಕಿ 1980ರ ದಶಕದಲ್ಲಿ ಬೆಕ್ಕಿನ ಮರಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಕೈಗೆತ್ತಿಕೊಂಡು, ಮುಂದೆ ಅವು ಮನುಷ್ಯರೊಂದಿಗೆ ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡಿದರು. ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮನುಷ್ಯರ ಕೈ ಸೋಕಿದ ಮರಿಗಳು ಬೆಳೆದ ಮೇಲೂ ಮನುಷ್ಯರ ಬಳಿ ಬಂದವು. ದಿನಕ್ಕೆ ಹದಿನೈದು ನಿಮಿಷ ಎತ್ತಿದ ಮರಿಗಿಂತ ನಲವತ್ತು ನಿಮಿಷ ಎತ್ತಿದ ಮರಿ ಹೆಚ್ಚು ಸಲುಗೆಯದಾಯಿತು. ಆ ಕಾಲ ದಾಟಿದ ಮೇಲೆ ಅದೇ ಕೈ, ಅದೇ ಅಕ್ಕರೆ ಅಷ್ಟು ಫಲ ಕೊಡಲಿಲ್ಲ. ಲೋಕದಲ್ಲಿ ಯಾವುದು ನನ್ನದು, ಯಾವುದರಿಂದ ಓಡಬೇಕು ಎಂಬ ಪಟ್ಟಿಯನ್ನು ಮರಿಯ ಮಿದುಳು ಆ ವಾರಗಳಲ್ಲೇ ಬರೆದುಕೊಳ್ಳುತ್ತದೆ. ನಿಮ್ಮ ಮಗಳು ಅಟ್ಟ ಹತ್ತಿದ್ದು ಪಟ್ಟಿ ಇನ್ನೂ ತೆರೆದಿದ್ದಾಗ. ತಾಯಿಯ ಪಟ್ಟಿ ಮುಗಿದಾಗ ಅದರಲ್ಲಿ ಇಲಿಯಿತ್ತು, ಮಳೆಯಿತ್ತು, ನಾಯಿಯಿತ್ತು. ಮನುಷ್ಯರ ಕೈ ಇರಲಿಲ್ಲ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನೀವೂ ಕೇಳಿ ಬೆಳೆದವರೇ. ಮೊದಲ ದಿನವೇ ಕುದಿಯುವ ಹಾಲಿಟ್ಟು ಬಾಯಿ ಸುಟ್ಟ ಮೇಲೆ, ಕೃಷ್ಣದೇವರಾಯರ ಎದುರಿಗೆ ಆ ಬೆಕ್ಕು ಹಾಲು ಕಂಡೊಡನೆ ಓಡಿಹೋಯಿತು. ಅಂಜುವ ಬೆಕ್ಕನ್ನು ಕಂಡಾಗಲೆಲ್ಲ ನಮಗೆ ಈ ಕಥೆ ನೆನಪಾಗಿ, ‘ಪಾಪ, ಯಾರೋ ಹೊಡೆದಿರಬೇಕು’ ಅನ್ನುತ್ತೇವೆ. ನಿಮ್ಮ ಬೆಕ್ಕಿನ ಬಾಯನ್ನು ಯಾರೂ ಸುಟ್ಟಿರಲಾರರು. ಅದಕ್ಕೆ ಯಾರೂ ಕೆಟ್ಟದ್ದು ಮಾಡದೆಯೂ ಹೀಗಾಗುತ್ತದೆ. ಆ ಐದು ವಾರದಲ್ಲಿ ಒಳ್ಳೆಯದನ್ನೂ ಯಾರೂ ಮಾಡದಿದ್ದರೆ ಸಾಕು. ಆದ್ದರಿಂದ ನಿಮ್ಮ ಪ್ರೀತಿ ಸಾಲದಾಯಿತೆಂದು ಕೊರಗಬೇಡಿ. ನೀವು ಬರುವಷ್ಟರಲ್ಲಿ ಬಾಗಿಲು ಹಾಕಿಯಾಗಿತ್ತು.

ಇನ್ನೊಂದು ಕಾರಣವನ್ನು ನಾವು ಯಾರೂ ಊಹಿಸುವುದಿಲ್ಲ: ಅಪ್ಪ. ಗಂಡುಬೆಕ್ಕು ಮರಿಗಳ ಮುಖ ನೋಡುವುದೂ ಅಪರೂಪ, ಸಾಕುವುದಂತೂ ದೂರ. ಆದರೂ ಸಾಂಡ್ರಾ ಮ್ಯಾಕ್‌ಕ್ಯೂನ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಲುಗೆಯ ಗಂಡಿನ ಮರಿಗಳು ಹೊಸತನ್ನು ಕಂಡಾಗ ಬೇರೆ ಮರಿಗಳಿಗಿಂತ ಧೈರ್ಯವಾಗಿ ಮುಂದೆ ಬಂದವು. ಅಪ್ಪನ ಸಹವಾಸವಿಲ್ಲದೆಯೇ ಧೈರ್ಯ ರಕ್ತದಲ್ಲಿ ಇಳಿದುಬಂದಿತ್ತು. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರಿರುವುದೂ ಬೆಕ್ಕುಗಳಲ್ಲಿ ಉಂಟು. ಒಂದೇ ಅಟ್ಟದಲ್ಲಿ ಹುಟ್ಟಿದ ಒಡಹುಟ್ಟುಗಳಲ್ಲಿ ಒಂದು ಕೈಗೆ ಬಂದು ಇನ್ನೊಂದು ಕಚ್ಚಲು ಬಂದರೆ ಅಚ್ಚರಿಪಡಬೇಕಾದ್ದಿಲ್ಲ.

ಈಗ ತಾಯಿಯ ಮೌನಕ್ಕೆ ಬರೋಣ. ‘ಮಿಯಾಂವ್’ ಎಂಬುದು ಬೆಕ್ಕುಗಳು ತಮ್ಮತಮ್ಮಲ್ಲಿ ಆಡುವ ಮಾತಲ್ಲ. ಮರಿಗಳು ತಾಯಿಯನ್ನು ಕರೆಯುತ್ತವೆ. ಬೆಳೆದ ಬೆಕ್ಕು ಇನ್ನೊಂದು ಬೆಕ್ಕಿಗೆ ಮಿಯಾಂವ್ ಎನ್ನುವುದು ಬಲು ಕಡಿಮೆ. ಜಗಳದ ಗುರ್ರೋ, ಬೆದೆಯ ಕೂಗೋ ಇದ್ದೀತು. ಉಳಿದ ವ್ಯವಹಾರವೆಲ್ಲ ವಾಸನೆಯಲ್ಲಿ, ಮೈಯ ನಿಲುವಿನಲ್ಲಿ. ಮನುಷ್ಯರ ಜೊತೆ ಬೆಳೆದ ಬೆಕ್ಕು, ಈ ಎರಡು ಕಾಲಿನ ಪ್ರಾಣಿಗೆ ಮೂಗೂ ಚುರುಕಿಲ್ಲ, ಬಾಲದ ಭಾಷೆಯೂ ತಿಳಿಯದು ಎಂದು ಕಂಡುಕೊಂಡು ಮರಿಗಾಲದ ಕರೆಯನ್ನೇ ಜೀವಮಾನವಿಡೀ ಉಳಿಸಿಕೊಳ್ಳುತ್ತದೆ. ಮಡಿಲಿನ ಬೆಕ್ಕು ದಿನವಿಡೀ ಮಾತಾಡುವುದು ನಿಮ್ಮಿಂದಾಗಿ. ತಾಯಿ ಸುಮ್ಮನಿರುವುದು ತನ್ನ ಜಾತಿಯ ದೊಡ್ಡವರ ರೀತಿಯಲ್ಲಿ.

ಸುಮ್ಮನಿದೆ ಅಂದೆ, ಆದರೆ ಏನೂ ಹೇಳುತ್ತಿಲ್ಲ ಎಂದಲ್ಲ. ನಾಳೆ ಸಂಜೆ ಬಂದಾಗ ಬಾಲ ನೋಡಿ. ಬೇಲಿ ದಾಟಿ ಹಿತ್ತಲಿಗೆ ಇಳಿಯುತ್ತಲೇ ಬಾಲವನ್ನು ಕೋಲಿನಂತೆ ನೆಟ್ಟಗೆ ಎತ್ತಿ, ತುದಿಯನ್ನು ತುಸು ಬಾಗಿಸಿ ಬಂದರೆ, ಅದು ನಿಮಗೆ ಹೇಳಿದ ನಮಸ್ಕಾರ. ಮರಿ ತಾಯಿಯ ಬಳಿ ಓಡುವಾಗ ಹೀಗೆ ಬಾಲ ಎತ್ತುತ್ತದೆ. ಗುಂಪಿನಲ್ಲಿ ಬಾಳುವ ದೊಡ್ಡ ಬೆಕ್ಕುಗಳು ಒಂದನ್ನೊಂದು ಸ್ನೇಹದಿಂದ ಎದುರುಗೊಳ್ಳುವಾಗಲೂ ಎತ್ತುತ್ತವೆ. ನಿಮಗೆ ಬೆನ್ನು ಹಾಕಿ ಉಣ್ಣುತ್ತದೆಯೇ? ನಿಮ್ಮ ಕಡೆಯಿಂದ ಅಪಾಯವಿಲ್ಲ, ಬೇಲಿಯ ಕಡೆಯಿಂದ ಬಂದೀತು ಎಂದು ಅರ್ಥ. ಉಂಡ ಮೇಲೆ ಅಲ್ಲೇ ಕೂತು ಮುಖ ಒರೆಸಿಕೊಳ್ಳುತ್ತದೆಯೇ? ಬೆದರಿದ ಬೆಕ್ಕು ಅಷ್ಟು ಪುರುಸೊತ್ತು ಮಾಡಿಕೊಳ್ಳದು.

ಕಣ್ಣನ್ನೂ ನೋಡಿ. ದಿಟ್ಟಿಸುವುದು ಬೆಕ್ಕಿನ ಲೋಕದಲ್ಲಿ ಜಗಳಕ್ಕೆ ಕರೆ. ಅರೆಗಣ್ಣು ಮಾಡಿ ನಿಧಾನವಾಗಿ ರೆಪ್ಪೆ ಮುಚ್ಚುವುದು ನೆಮ್ಮದಿಯ ಗುರುತು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ತೋರಿಸಿದಂತೆ, ಮನುಷ್ಯರು ಹೀಗೆ ಮೆಲ್ಲಗೆ ಕಣ್ಣು ಮುಚ್ಚಿ ತೆರೆದರೆ ಸಾಕುಬೆಕ್ಕುಗಳೂ ಮೆಲ್ಲಗೆ ಕಣ್ಣು ಮುಚ್ಚಿದವು. ಹಾಗೆ ಮಾಡಿದ ಅಪರಿಚಿತರ ಕೈಯ ಹತ್ತಿರಕ್ಕೂ ಹೆಚ್ಚಾಗಿ ಬಂದವು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣದೇ ಎಂದು ನಾವು ಅದನ್ನು ಕಳ್ಳ ಮಾಡಿದ್ದೇವೆ. ನಿಮ್ಮೆದುರಿಗೆ ಅದು ಕಣ್ಣು ಮುಚ್ಚಿದರೆ ಕಳ್ಳತನ ಅನ್ನಬೇಡಿ, ನೀವೂ ಮುಚ್ಚಿ.

ನಿಮ್ಮ ದನಿಯೂ ಅದಕ್ಕೆ ಗೊತ್ತಿರಬಹುದು. ಜಪಾನಿನಲ್ಲಿ ಅತ್ಸುಕೊ ಸೈತೋ ಮತ್ತು ಸಂಗಡಿಗರೊಬ್ಬರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಾಕುಬೆಕ್ಕುಗಳು ಅಪರಿಚಿತರ ಧ್ವನಿಗಳ ನಡುವೆ ತಮ್ಮ ಮನೆಯವರ ಧ್ವನಿಯನ್ನು ಗುರುತಿಸಿದವು. ಗುರುತಿಸಿದ್ದು ತಿಳಿದದ್ದು ಹೇಗೆ? ಕಿವಿ ತಿರುಗಿಸಿದವು, ತಲೆ ಹೊರಳಿಸಿದವು. ಎದ್ದು ಬರುವ ತೊಂದರೆ ಮಾತ್ರ ತೆಗೆದುಕೊಳ್ಳಲಿಲ್ಲ. ಮಡಿಲಲ್ಲಿ ಬೆಳೆದ ಬೆಕ್ಕುಗಳ ಪ್ರೀತಿಯೇ ಇಷ್ಟು ಬಿಗಿಯಾಗಿರುವಾಗ, ಕೊಟ್ಟಿಗೆಯ ಸೌದೆ ಮೇಲಿಂದ ನಿಮ್ಮ ದನಿಗೆ ಒಂದು ಕಿವಿ ತಿರುಗಿದರೆ ಅದನ್ನು ಸಣ್ಣದೆನ್ನಬಾರದು.

‘ಬರೀ ಅನ್ನಕ್ಕಾಗಿಯೇ’ ಎಂದು ಕೇಳಿದಿರಲ್ಲ, ಬೆಕ್ಕಿಗೂ ನಮಗೂ ನಂಟು ಶುರುವಾದದ್ದೇ ಅನ್ನದಿಂದ, ಅದೂ ಹೀಗೆ ದೂರ ನಿಂತು. ಮನೆಬೆಕ್ಕಿನ ಪೂರ್ವಜ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಒಣನಾಡಿನ ಒಂಟಿ ಬೇಟೆಗಾರ. ನಮ್ಮ ಕಛ್, ರಾಜಸ್ಥಾನದ ಮರುಭೂಮಿ ಬೆಕ್ಕು ಅದರ ದಾಯಾದಿ. ಸುಮಾರು ಹತ್ತು ಸಾವಿರ ವರ್ಷದ ಹಿಂದೆ ಮನುಷ್ಯ ಕಾಳು ಬೆಳೆದು ಕೂಡಿಟ್ಟ. ಕಾಳಿಗೆ ಇಲಿ ಬಂತು, ಇಲಿಗೆ ಬೆಕ್ಕು ಬಂತು. ಆಕಳಿಗೆ ಹಗ್ಗ ಹಾಕಿದೆವು, ಕುದುರೆಗೆ ಲಗಾಮು ಹಾಕಿದೆವು. ಬೆಕ್ಕನ್ನು ಹಿಡಿದು ಪಳಗಿಸಿದವರು ಯಾರೂ ಇಲ್ಲ. ಮನುಷ್ಯರನ್ನು ಕಂಡು ತೀರಾ ದೂರ ಓಡದ ಬೆಕ್ಕುಗಳಿಗೆ ಕಣಜದ ಬಳಿ ಹೊಟ್ಟೆ ತುಂಬಿತು, ಅವುಗಳ ಮರಿಗಳು ಇನ್ನಷ್ಟು ಹತ್ತಿರ ಬಂದವು. ಬಟ್ಟೆ ಒಗೆಯುವ ಕಲ್ಲಿನ ಬಳಿ ನೀವು ದಿನಾ ನೋಡುತ್ತಿರುವುದು ಆ ಮೊದಲ ಸಂಜೆಗಳನ್ನೇ.

ಆ ದೂರ ಎಷ್ಟು ಕಿರಿದಾಗಬಲ್ಲುದು ಎಂಬುದಕ್ಕೆ ಸೈಪ್ರಸ್ ದ್ವೀಪದ ಶಿಲ್ಲೂರೋಕಾಂಬೋಸ್ ಎಂಬಲ್ಲಿ ಒಂದು ಸಾಕ್ಷಿ ಸಿಕ್ಕಿದೆ. ಸುಮಾರು 9,500 ವರ್ಷ ಹಳೆಯ ಗೋರಿಯಲ್ಲಿ ಒಬ್ಬ ಮನುಷ್ಯ, ಅವನಿಂದ ಒಂದು ಮೊಳದಷ್ಟು ದೂರದಲ್ಲಿ ಸುಮಾರು ಎಂಟು ತಿಂಗಳ ಬೆಕ್ಕು. 2004ರಲ್ಲಿ ಫ್ರೆಂಚ್ ಪುರಾತತ್ವಜ್ಞರು ಇದನ್ನು ಲೋಕಕ್ಕೆ ತಿಳಿಸಿದರು. ಆ ದ್ವೀಪದಲ್ಲಿ ಮೊದಲಿನಿಂದ ಬೆಕ್ಕುಗಳಿರಲಿಲ್ಲ, ಯಾರೋ ದೋಣಿಯಲ್ಲಿ ತಂದಿರಬೇಕು. ದೋಣಿ ಹತ್ತಿಸುವಷ್ಟು ಸಲುಗೆಯೂ, ಜೊತೆಯಲ್ಲಿ ಮಣ್ಣು ಮಾಡುವಷ್ಟು ಮಮತೆಯೂ ಆಗಲೇ ಬೆಳೆದಿತ್ತು.

ನಿಮ್ಮ ಬೆಕ್ಕು ಮಾಡಿದ ಒಂದು ಕೆಲಸಕ್ಕೆ ನೀವು ಬೆಲೆ ಕಟ್ಟಿಲ್ಲ. ಹೆತ್ತ ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತಿದೆ. ಏಳು ಎಂಬ ಲೆಕ್ಕ ಹೇಗೋ ಏನೋ, ತಿರುಗಿಸುವುದಂತೂ ನಿಜ. ವಾಸನೆ ಹಿಡಿದು ಗಂಡುಬೆಕ್ಕೋ ನಾಯಿಯೋ ಬಂದೀತೆಂದು, ಮನುಷ್ಯರು ಇಣುಕಿದರೆಂದು, ಕತ್ತು ಕಚ್ಚಿ ಒಂದೊಂದಾಗಿ ಸಾಗಿಸುತ್ತದೆ. ಅಂಥದ್ದು ಹೆರಲು ಆರಿಸಿಕೊಂಡದ್ದು ನಿಮ್ಮ ಅಟ್ಟವನ್ನು. ಮುಂದಿನ ಸೂಲಿನ ಮರಿಗಳು ಆರೆಂಟು ವಾರದವಾಗಿ ಹಾಲು ಬಿಡತೊಡಗಿದಾಗ ಅವನ್ನು ಹಿಂದೆ ಹಾಕಿಕೊಂಡು ನಿಮ್ಮ ತಟ್ಟೆಯ ಬಳಿಗೆ ಬಂದರೂ ಬಂದೀತು. ಮುಟ್ಟಲು ಬಿಡದ ಬೆಕ್ಕು ತನ್ನ ಮರಿಗಳನ್ನು ನಿಮ್ಮ ಕಣ್ಣೆದುರಿಗೆ ತಂದು ನಿಲ್ಲಿಸುವುದಕ್ಕಿಂತ ದೊಡ್ಡ ನಂಬಿಕೆಯನ್ನು ಬೆಕ್ಕಿನಿಂದ ಕೇಳುವಂತಿಲ್ಲ.

ಇಂಥ ನಂಟಿಗೆ ಕಾನೂನಿನಲ್ಲೇ ಜಾಗ ಕೊಟ್ಟ ನಾಡೊಂದಿದೆ. ಇಟಲಿಯಲ್ಲಿ 1991ರ 281ನೇ ಸಂಖ್ಯೆಯ ಕಾನೂನಿನ ಪ್ರಕಾರ ಬೀದಿಯ ಬೆಕ್ಕುಗಳನ್ನು ಹಿಂಸಿಸುವಂತಿಲ್ಲ; ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಅವುಗಳದೇ ಜಾಗಕ್ಕೆ ಮರಳಿ ಬಿಡಬೇಕು. ರೋಮ್ ನಗರದ ನಡುವೆ, ಜೂಲಿಯಸ್ ಸೀಸರ್ ಕೊಲೆಯಾದ ತಾಣದ ಪಾಳುಗುಡಿಗಳಲ್ಲಿ ಬೆಕ್ಕುಗಳ ಬಿಡಾರವೇ ಇದೆ. ಅವಕ್ಕೆ ಉಣಿಸುವ ಹೆಂಗಸರಿಗೆ ‘ಗತ್ತಾರೆ’ ಎಂದೇ ಹೆಸರು, ಬೆಕ್ಕಿನವರು ಎಂದಂತೆ. ಅಲ್ಲಿಯೂ ಮುಟ್ಟಲು ಬಿಡದ ಬೆಕ್ಕುಗಳಿವೆ. ಉಣಿಸುವವರು ಅದಕ್ಕಾಗಿ ತಟ್ಟೆ ಹಿಂತೆಗೆದುಕೊಳ್ಳುವುದಿಲ್ಲ.

ನಂಟೆಂದ ಮೇಲೆ ನಿಮ್ಮ ಕಡೆಯ ಕರ್ತವ್ಯವೂ ಇದೆ. ಮೊದಲನೆಯದು ತಟ್ಟೆಯದು. ಬೆಕ್ಕೆಂದರೆ ಹಾಲು ಎಂದು ನಾವು ನಂಬಿದ್ದೇವೆ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಸರಿಯಾಗಿ ಅರಗದು, ಭೇದಿಯಾಗುತ್ತದೆ. ಬೆಕ್ಕು ಮಾಂಸವಿಲ್ಲದೆ ಬಾಳದ ಜೀವ. ಟಾರಿನ್ ಎಂಬ ಪೋಷಕಾಂಶವನ್ನು ಅದರ ಮೈ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಅದು ಸಿಗುವುದು ಪ್ರಾಣಿಜನ್ಯ ಆಹಾರದಲ್ಲಿ. ಸಾಲದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೊರಗುತ್ತದೆ. ನೀವು ಹಾಕುವ ಅನ್ನದಲ್ಲೇ ನಾಲ್ಕು ವರ್ಷ ಗಟ್ಟಿಮುಟ್ಟಾಗಿದೆಯೆಂದರೆ ಉಳಿದದ್ದನ್ನು ತೋಟದ ಇಲಿ ಹೆಗ್ಗಣಗಳು ಪೂರೈಸಿವೆ. ಮನೆಯಲ್ಲಿ ಮೀನು ಮಾಂಸ ಬೇಯಿಸುವ ರೂಢಿಯಿಲ್ಲದಿದ್ದರೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ಆಹಾರ ಒಂದು ಹಿಡಿ ಹಾಕಿ. ಪಕ್ಕದಲ್ಲಿ ನೀರಿಡಿ. ಹೊತ್ತು, ಜಾಗ ಬದಲಿಸಬೇಡಿ. ಕತ್ತಲಾಗುವ ಮುನ್ನ ತಟ್ಟೆ ಎತ್ತಿಬಿಡಿ, ಇಲ್ಲವಾದರೆ ಕರೆಯದ ನೆಂಟರೂ ಬಂದಾರು.

ಎರಡನೆಯದು ಕೈಯದು. ಎಷ್ಟೇ ಆಸೆಯಾದರೂ ತಿನ್ನುವಾಗ ಮುಟ್ಟಲು ಹೋಗಬೇಡಿ, ಮೂಲೆಗೆ ಒತ್ತರಿಸಿ ಹಿಡಿಯಲೇಬೇಡಿ. ಬೆಕ್ಕಿನ ಕೋರೆಹಲ್ಲು ಸೂಜಿಯಂತೆ; ಮೇಲೆ ಸಣ್ಣ ಚುಕ್ಕೆ ಕಂಡರೂ ನಂಜು ಆಳಕ್ಕೆ ಇಳಿದಿರುತ್ತದೆ. ರೇಬೀಸ್ ನಾಯಿಯಿಂದ ಮಾತ್ರ ಬರುವ ರೋಗವಲ್ಲ, ಬೆಕ್ಕಿನಿಂದಲೂ ಬರಬಹುದು. ಕಚ್ಚಿದರೆ, ಪರಚಿದರೆ ಅರಿಶಿನ ಮೆತ್ತಿ ಸುಮ್ಮನಾಗಬೇಡಿ. ನಲ್ಲಿಯ ನೀರು ಹರಿಬಿಟ್ಟು ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಹಾಗಾದರೆ ಎಂದೂ ಮುಟ್ಟಲಾಗದೇ? ಕೆಲವು ಬೆಕ್ಕುಗಳು ಎಷ್ಟೋ ವರ್ಷದ ಮೇಲೆ ಉಣಿಸುವವರ ಕಾಲಿಗೆ ತಾವಾಗಿಯೇ ಬಂದು ಮೈ ಉಜ್ಜಿದ್ದುಂಟು, ಅದೂ ಅವರೊಬ್ಬರಿಗೆ ಮಾತ್ರ. ಹಲವು ಎಂದೂ ಬರುವುದಿಲ್ಲ. ಬಂದರೆ ಅದಾಗಿಯೇ ಬರಬೇಕು. ನೀವು ಮಾಡಬಹುದಾದದ್ದಿಷ್ಟು: ಕಲ್ಲಿನಿಂದ ಹತ್ತು ಅಡಿ ದೂರ, ನಿಲ್ಲದೆ, ಮಣೆ ಹಾಕಿ ಕೂತುಕೊಳ್ಳಿ, ಮುಖ ಸ್ವಲ್ಪ ಓರೆಯಾಗಿರಲಿ, ಹೂ ಕಟ್ಟುವುದೋ ಸೊಪ್ಪು ಬಿಡಿಸುವುದೋ ಏನಾದರೂ ಕೆಲಸ ಕೈಯಲ್ಲಿರಲಿ.

ಮೂರನೆಯದು ಕಷ್ಟದ್ದು, ಹೇಳದಿದ್ದರೆ ಈ ಉತ್ತರ ಅರ್ಧವಾದೀತು. ಹೆಣ್ಣು ಬೆಕ್ಕಿನ ಗರ್ಭ ಒಂಬತ್ತು ವಾರ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಬಸಿರಾಗಬಲ್ಲುದು. ಅದರ ಹೆಣ್ಣುಮರಿ ಐದಾರು ತಿಂಗಳಿಗೆ ಬೆದೆಗೆ ಬಂದೀತು. ನಾಲ್ಕು ವರ್ಷದಲ್ಲಿ ನಿಮ್ಮ ಬೆಕ್ಕು ಹೆತ್ತ ಮರಿಗಳಲ್ಲಿ ನೀವು ಕಂಡದ್ದೆಷ್ಟು, ಉಳಿದದ್ದೆಷ್ಟು, ನಿಮಗೇ ಗೊತ್ತು. ಸತ್ತ ಮರಿಗಳ ಕಥೆ ಒಂದು ಕಡೆಯಾದರೆ, ಬದುಕಿದ ಮರಿಗಳ ಕಥೆ ಇನ್ನೊಂದು. ಅವು ಇಲಿಯನ್ನಷ್ಟೇ ಹಿಡಿಯುವುದಿಲ್ಲ. ಪಿಕಳಾರ, ಓತಿಕ್ಯಾತ, ಅಳಿಲಿನ ಮರಿ ಎಲ್ಲವೂ ಅವಕ್ಕೆ ಬೇಟೆಯೇ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ 1894ರಲ್ಲಿ ದೀಪಸ್ತಂಭದ ಕೆಲಸದವರ ಜೊತೆ ಬಂದ ಬೆಕ್ಕುಗಳಿಂದಾಗಿ, ಹಾರಲು ಬಾರದ ಒಂದು ಪುಟ್ಟ ಹಕ್ಕಿಯ ಕುಲವೇ ಕೆಲವೇ ವರ್ಷಗಳಲ್ಲಿ ನಾಶವಾಯಿತು. ನಿಮ್ಮ ತೋಟದಾಚೆ ಕಾಡಿದೆ. ಅಲ್ಲಿನ ನಿಜವಾದ ಕಾಡುಬೆಕ್ಕಿಗೆ ನಮ್ಮ ಬೆಕ್ಕಿನ ರೋಗ ದಾಟಬಹುದು. ಒಂದು ಬೆಕ್ಕಿಗೆ ಅನ್ನ ಹಾಕುವುದು ಪ್ರೀತಿ. ಹದಿನೈದಾಗಲು ಬಿಟ್ಟರೆ ಆ ಪ್ರೀತಿಯ ಸಾಲವನ್ನು ಹಕ್ಕಿಗಳು ತೀರಿಸಬೇಕಾಗುತ್ತದೆ.

ಆದ್ದರಿಂದ ಹತ್ತಿರದ ಪಶುವೈದ್ಯರಲ್ಲಿ ವಿಚಾರಿಸಿ, ದಿನ ಗೊತ್ತು ಮಾಡಿಕೊಂಡು, ಒಂದು ಬೋನು ತರಿಸಿ. ಎರಡು ಮೂರು ದಿನ ಬೋನಿನ ಬಾಗಿಲು ಬೀಳದಂತೆ ಕಟ್ಟಿ, ಊಟವನ್ನು ಅದರೊಳಗೇ ಇಡಿ. ಒಗ್ಗಿದ ಮೇಲೆ ಒಂದು ಸಂಜೆ ಕಟ್ಟು ಬಿಚ್ಚಿ. ಬಾಗಿಲು ಬಿದ್ದೊಡನೆ ಅದು ಬೋನಿನಲ್ಲಿ ಹುಚ್ಚೆದ್ದು ಹಾರಾಡುತ್ತದೆ. ದಪ್ಪ ಬಟ್ಟೆ ಹೊದಿಸಿ ಕತ್ತಲು ಮಾಡಿದರೆ ತಣ್ಣಗಾಗುತ್ತದೆ. ಮರಿಗಳು ಮೊಲೆ ಕುಡಿಯುತ್ತಿರುವ ಹೊತ್ತಾಗಿದ್ದರೆ ಅವು ಹಾಲು ಬಿಡುವವರೆಗೆ ಕಾಯಿರಿ. ತಟ್ಟೆಯ ಬಳಿ ಬರತೊಡಗಿದ ಪುಟ್ಟ ಮರಿಗಳನ್ನು ಮಾತ್ರ ತಡ ಮಾಡದೆ ಕೈಗೆ ಒಗ್ಗಿಸಿ, ಬೇಕೆಂದವರ ಮನೆಗೆ ಕೊಡಿ. ಅವುಗಳ ಪಟ್ಟಿ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ. ಶಸ್ತ್ರಚಿಕಿತ್ಸೆಯಾದದ್ದಕ್ಕೆ ಗುರುತಾಗಿ ವೈದ್ಯರು ಕಿವಿಯ ತುದಿಯನ್ನು ಚೂರು ಕತ್ತರಿಸಬಹುದು, ಅರಿವಳಿಕೆಯಲ್ಲಿರುವಾಗಲೇ ಮಾಡುವುದರಿಂದ ನೋವಾಗದು. ರೇಬೀಸ್ ಲಸಿಕೆಯನ್ನೂ ಅದೇ ಹೊತ್ತಿಗೆ ಹಾಕಿಸಿ. ಚೇತರಿಸಿಕೊಂಡ ಮೇಲೆ ತಂದು ಬಿಡಬೇಕಾದ್ದು ನಿಮ್ಮ ಹಿತ್ತಲಿನಲ್ಲೇ, ಬೇರೆಲ್ಲೂ ಅಲ್ಲ.

ಬಾಗಿಲು ತೆರೆದೊಡನೆ ನಿಮ್ಮತ್ತ ತಿರುಗಿಯೂ ನೋಡದೆ ಬೇಲಿ ಹಾರಿ ಹೋಗುತ್ತದೆ. ಒಂದೆರಡು ದಿನ, ಕೆಲವೊಮ್ಮೆ ವಾರ, ಬರುವುದೇ ಇಲ್ಲ. ನಾಲ್ಕು ವರ್ಷದ ಗಳಿಕೆ ಒಂದು ಬೋನಿನಲ್ಲಿ ಹೋಯಿತಲ್ಲ ಎಂದು ಅಳು ಬರುತ್ತದೆ. ಆದರೂ ಅದೇ ಹೊತ್ತಿಗೆ, ಅದೇ ಕಲ್ಲಿನ ಪಕ್ಕ ತಟ್ಟೆ ಇಡಿ. ಒಂದು ಸಂಜೆ ಸೌದೆ ಕೊಟ್ಟಿಗೆಯ ಸಂದಿಯಿಂದ ತುದಿ ಕತ್ತರಿಸಿದ ಕಿವಿಯೊಂದು ಕಾಣಿಸುತ್ತದೆ. ಮೊದಲು ಹತ್ತು ಅಡಿ ಇದ್ದದ್ದು ಹದಿನೈದಾಗಿರಬಹುದು. ನಿಮ್ಮ ಮಣೆಯನ್ನು ಐದು ಅಡಿ ಹಿಂದಕ್ಕೆ ಹಾಕಿಕೊಳ್ಳಿ.